ಎರಡೇ ಮೀನಿನ ಸಮುದ್ರ

ಹೋದ ತಿಂಗಳು ಹಲಸಿನ ಉಪ್ಪುಸೊಳೆಯ ಭರಣಿ ತೆಗೆದಾಗ ಒಂದು ವಾಸನೆ ಬಂತು. ಹಲಸಿನದಲ್ಲ, ಹಳೆಯ ಉಪ್ಪುನೀರಿನದು. ಮುಚ್ಚಳ ಹಿಡಿದು ಹಾಗೇ ನಿಂತೆ... ಕೊಪ್ಪದ ಭಾವನ ಮನೆಯ ಹೊರಕೋಣೆ ನೆನಪಾಯಿತು. ಇಷ್ಟು ಸಲೀಸಾಗಿ ಬರುವ ನೆನಪನ್ನು ನಾನು ಪೂರ್ತಿ ನಂಬುವುದಿಲ್ಲ. ಆದರೂ ಬರೆಯುತ್ತೇನೆ.

ಭಾವ ಎಂದರೆ ನೆಂಟರಲ್ಲ. ಪಕ್ಕದ ಮನೆಯಾಕೆಯನ್ನು ಅಕ್ಕ ಎನ್ನುತ್ತಿದ್ದೆ, ಆದ್ದರಿಂದ ಅವರ ಗಂಡ ಭಾವ. ಇಪ್ಪತ್ತೈದು ವರ್ಷ ಸರಕು ಹಡಗಿನ ಎಂಜಿನ್ ಕೋಣೆಯಲ್ಲಿ ದುಡಿದು ಬಂದವರು. ಅಕ್ಕ ಶೃಂಗೇರಿ ಹತ್ತಿರದ ಅಡ್ಡಗದ್ದೆ ಕಡೆಯವರು, ಸಮುದ್ರ ಕಂಡವರಲ್ಲ. ಪ್ರತಿ ರಜೆಯಲ್ಲೂ ಭಾವ ಮುಂದಿನ ಬೇಸಿಗೆಗೆ ಕರೆದೊಯ್ಯುತ್ತೇನೆ ಎನ್ನುತ್ತಿದ್ದರಂತೆ. ಅವರು ಕೆಲಸ ಬಿಟ್ಟು ಬರುವಷ್ಟರಲ್ಲಿ ಅಕ್ಕನ ಎರಡೂ ಕಿಡ್ನಿ ಹೋಗಿದ್ದವು. ಡಯಾಲಿಸಿಸ್‌ಗೆಂದು ಶಿವಮೊಗ್ಗಕ್ಕೆ ಹೋಗಿಬರುವುದೇ ಕಷ್ಟವಾಗಿತ್ತು. ಘಾಟಿ ಇಳಿಯುವ ಮಾತನ್ನೇ ಡಾಕ್ಟರು ಬೇಡವೆಂದರು.

ಭಾವ ಸಮುದ್ರವನ್ನೇ ಘಾಟಿ ಹತ್ತಿಸಿದರು. ಊರಿಗೆ ಮೊಬೈಲು ಹೊಸದಾಗಿ ಬಂದಿದ್ದ ಕಾಲ. ಮಲ್ಪೆಯಿಂದ ಮೀನು ತರುವ ಗಾಡಿಯವನಿಗೆ ಫೋನು ಮಾಡಿ ಕ್ಯಾನುಗಟ್ಟಲೆ ಸಮುದ್ರದ ನೀರು ತರಿಸಿದರು. ಅಕ್ಕನ ಮಂಚದ ಪಕ್ಕ, ಕೈಗೆಟುಕುವಷ್ಟು ಹತ್ತಿರದಲ್ಲಿ, ಗಾಜಿನ ತೊಟ್ಟಿ ಇಟ್ಟರು. ಅದರಲ್ಲಿ ಮಂಗಳೂರಿನಿಂದ ತಂದ ಎರಡು ಮೀನು, ಕಿತ್ತಳೆ ಮೈಗೆ ಬಿಳಿ ಪಟ್ಟಿ. ಇನ್ನೂ ಆರು ಮೀನು ಅಂಗಡಿಯಲ್ಲಿ ಹೇಳಿಟ್ಟು ಬಂದಿದ್ದರು. ಆದರೆ ಹೊಸ ತೊಟ್ಟಿಗೆ ಎಲ್ಲವನ್ನೂ ಒಟ್ಟಿಗೆ ಬಿಡುವಂತಿಲ್ಲ. ಮೀನಿನ ಹೊಲಸನ್ನು ಅರಗಿಸುವ ಸೂಕ್ಷ್ಮಜೀವಿಗಳು ಕಲ್ಲು ಮರಳಿನಲ್ಲಿ ಬೆಳೆಯಬೇಕು. ಅಲ್ಲಿಯವರೆಗೆ ನೀರಿನಲ್ಲಿ ಅಮೋನಿಯ ನಿಂತು ಮೀನು ಸಾಯುತ್ತದೆ. ಪ್ರತಿ ಭಾನುವಾರ ಸಣ್ಣ ನಳಿಕೆಯಲ್ಲಿ ನೀರು ತೆಗೆದು ಔಷಧಿ ಹನಿಸಬೇಕು. ಹಳದಿ ಬಂದರೆ ನೀರು ಪಳಗಿದೆ, ಹಸಿರು ಬಂದರೆ ಇಲ್ಲ. ಎರಡು ವಾರ ಸತತ ಹಳದಿ ಕಂಡರೆ ಮುಂದಿನ ಮೀನು ಎಂದು ಭಾವ ನಿಶ್ಚಯಿಸಿದ್ದರು. ಪೊರೆ ಬಂದ ಅವರ ಕಣ್ಣಿಗೆ ಹಸಿರು ಹಳದಿಯ ವ್ಯತ್ಯಾಸ ತಿಳಿಯುತ್ತಿರಲಿಲ್ಲ. ಬಣ್ಣ ನೋಡಿ ಹೇಳಲು ನನ್ನನ್ನು ಕರೆಯುತ್ತಿದ್ದರು.

ನಾನು ಹಸಿರು ಎಂದಾಗಲೆಲ್ಲ ಅಕ್ಕ ಮಂಚದಿಂದಲೇ ಗಂಡನನ್ನು ಕೆಣಕುವರು.

"ಎರಡು ಮೀನಿಗೆ ಇಷ್ಟು ನೀರಾ ಮಾರಾಯ್ರೆ? ನಿಮ್ಮ ಸಮುದ್ರಕ್ಕಿಂತ ನಮ್ಮ ಶೃಂಗೇರಿ ಹೊಳೆಯೇ ವಾಸಿ."

"ಸ್ವಲ್ಪ ತಡಿ ಮಾರಾಯ್ತಿ. ನೀರು ಪಳಗ್ಲಿ."

"ಅದು ಪಳಗೋದ್ರೊಳಗೆ ನಾನು ಹೊರಟಿರ್ತೇನೆ."

ಮೂವರೂ ನಗುತ್ತಿದ್ದೆವು. ಅಥವಾ ನಾನೊಬ್ಬಳೇ ನಕ್ಕೆನೋ...

ಒಂದು ಭಾನುವಾರ ಭಾವ ಒರೆಸುವ ಬಟ್ಟೆ ತರಲು ಒಳಗೆ ಹೋದರು. ಅಕ್ಕ ದಿಂಬಿನ ಪಕ್ಕದ ಡಬ್ಬಿಗೆ ಕೈ ಹಾಕಿದರು. ಹೊಟ್ಟೆಯಲ್ಲಿ ಬೇರೇನೂ ನಿಲ್ಲುತ್ತಿರಲಿಲ್ಲ, ಹಾಗಾಗಿ ಅದರಲ್ಲಿ ಯಾವಾಗಲೂ ಮಂಡಕ್ಕಿ ಇರುತ್ತಿತ್ತು. ಒಂದು ಚಿಟಿಕೆ ತೆಗೆದು ತೊಟ್ಟಿಯ ಮುಚ್ಚಳದ ಸಂದಿನಿಂದ ಉದುರಿಸಿದರು. ಶೃಂಗೇರಿಯ ಹೊಳೆ ಮೆಟ್ಟಿಲಲ್ಲಿ ಮೀನಿಗೆ ಮಂಡಕ್ಕಿ ಎಸೆದು ಬೆಳೆದ ಕೈ ಅದು. ಅಲ್ಲಿ ಒಂದು ಮುಷ್ಟಿ ಎಸೆದರೆ ನೀರು ಕಪ್ಪಾಗುವಷ್ಟು ಮೀನು ಮುತ್ತುತ್ತವೆ. ಇಲ್ಲಿ ಎರಡು ಮೀನು ಬಂದವು, ಬಾಯಿಗೆ ತೆಗೆದುಕೊಂಡು ಉಗುಳಿದವು.

"ಅವ್ರಿಗೆ ಹೇಳ್ಬೇಡ ತಂಗಿ. ದಿನಾ ನಾಕು ಕಾಳು, ಅಷ್ಟೇ. ಬರಿಗೈಲಿ ಮೀನು ನೋಡ್ತಾ ಹೇಗೆ ಕೂರೋದು?"

ಕಲ್ಲಿನ ಹಿಂದೆ ಕೊಳೆತ ಮಂಡಕ್ಕಿಯ ಬಿಳಿಯ ಲೋಳೆ ಕಟ್ಟಿತ್ತು. ನೀರು ಯಾಕೆ ಪಳಗುತ್ತಿಲ್ಲ ಎಂದು ನನಗೆ ಆಗಲೇ ಗೊತ್ತಾಯಿತು. ಭಾವ ಬಂದು ಬಣ್ಣ ಕೇಳಿದರು. ಹಸಿರು ಎಂದೆ. ಸುಳ್ಳೇನಲ್ಲ.

ಅಕ್ಕನ ಆ ಒಂದು ಖುಷಿ ಕಸಿಯಬಾರದೆಂದು ಸುಮ್ಮನಿದ್ದೆ ಎಂದು ಬಹಳ ವರ್ಷ ನಂಬಿದ್ದೆ. ಗಂಡ ಹೆಂಡಿರ ನಡುವೆ ಸಿಕ್ಕಿಕೊಳ್ಳುವ ಅಂಜಿಕೆಯೂ ಇದ್ದಿರಬಹುದು. ಭಾವ ಮಾತ್ರ ತಮ್ಮನ್ನೇ ಅನುಮಾನಿಸುತ್ತ ಹೋದರು. ನೀರು ಬದಲಿಸಿದರು, ಮೀನಿನ ಆಹಾರ ಅರ್ಧ ಮಾಡಿದರು, ಅಂಗಡಿಗೆ ಮತ್ತೆ ಮತ್ತೆ ಫೋನು ಮಾಡಿ ಇನ್ನೊಂದು ವಾರ ಎಂದರು. ಅಷ್ಟರಲ್ಲಿ ಒಂದು ಮೀನು ಸತ್ತು ತೇಲಿತು. ಭಾವ, ನಾನೇ ಅವಸರ ಮಾಡಿದೆ, ಎರಡನ್ನೂ ಒಟ್ಟಿಗೆ ತರಬಾರದಿತ್ತು ಎಂದರು. ಅವರು ಅದನ್ನು ಎತ್ತಿ ಹಿತ್ತಿಲಿಗೆ ಒಯ್ದಾಗ ಅಕ್ಕ ನನ್ನ ಕೈ ಹಿಡಿದರು.

"ಮಂಡಕ್ಕಿಯಿಂದ್ಲಾ?"

"ಅಲ್ಲ ಅಕ್ಕ," ಎಂದೆ.

ಇದೊಂದು ಮಾತಿನ ಬಗ್ಗೆ ನನಗೆ ಅನುಮಾನವಿಲ್ಲ. ನಿಜ ಹೇಳಿದ್ದರೆ ಅವರೇ ನಿಲ್ಲಿಸುತ್ತಿದ್ದರು, ನೀರು ಪಳಗುತ್ತಿತ್ತು, ಉಳಿದ ಮೀನುಗಳನ್ನು ಅವರು ಕಾಣುತ್ತಿದ್ದರು. ನಾನು ಅಲ್ಲ ಎಂದದ್ದರಿಂದ ಅವರು ಮರುದಿನವೂ ಹಾಕಿದರು.

ಅಕ್ಕ ತೀರಿಕೊಂಡದ್ದು ಶಿವಮೊಗ್ಗದ ಆಸ್ಪತ್ರೆಯಲ್ಲಿ. ಹನ್ನೆರಡನೆಯ ದಿನದ ಕೆಲಸ ಮುಗಿದ ಮೇಲಿನ ಭಾನುವಾರ ಭಾವ ಕರೆದರು. ಹಳದಿ. ಮುಂದಿನ ವಾರವೂ ಹಳದಿ. ಅವರು ನಳಿಕೆಯನ್ನು ಬೆಳಕಿಗೆ ಹಿಡಿದು, ತಮಗೆ ಕಾಣದ ಬಣ್ಣವನ್ನು ನೋಡುತ್ತ ಬಹಳ ಹೊತ್ತು ನಿಂತರು.

"ಅವಳು ಇರೋವರೆಗೂ ಆಗ್ಲಿಲ್ಲ. ಈಗ ಹೇಗಾಯ್ತು ತಂಗಿ?"

ನೀರಿಗೆ ಅದರದೇ ಸಮಯ ಬೇಕಾಗುತ್ತದೆ ಎಂದೇನೋ ಅಂದೆ. ಹಾಗಾದರೆ ಈಗ ಬಿಡಬಹುದಾ ಎಂದು ಕೇಳಿದರು. ಬಿಡಬಹುದು ಎಂದೆ.

ಅವರು ನಿಯಮ ತಪ್ಪಲಿಲ್ಲ. ಒಂದು ಮೀನು, ಎರಡು ವಾರ, ಇನ್ನೊಂದು ಮೀನು. ಆರೂ ಬಂದವು, ಒಂದೂ ಸಾಯಲಿಲ್ಲ. ಖಾಲಿ ಮಂಚದ ತುದಿಯಲ್ಲಿ ಕೂತು ಭಾವ ಅವನ್ನು ನೋಡುತ್ತಿದ್ದರು. ಪ್ರತಿ ಸಲವೂ ಬಣ್ಣ ಹೇಳಿದವಳು ನಾನೇ.

ಭಾವನೂ ಹೋಗಿ ಕೆಲವು ವರ್ಷಗಳಾದವು. ಆ ಮನೆಯಲ್ಲಿ ಈಗ ಬೇರೆಯವರಿದ್ದಾರೆ. ಮೀನು ಬಂದ ಆ ತಿಂಗಳುಗಳಲ್ಲಿ, ಬಣ್ಣ ಹೇಳಿ ಮುಗಿದ ಮೇಲೂ ಭಾವ ನನ್ನನ್ನು ಕೂರಿಸಿ ಕಾಫಿ ಕೊಡುತ್ತಿದ್ದರು, ಮಂಡಕ್ಕಿಯ ವಿಷಯ ಹೇಳಲು ಬೇಕಾದಷ್ಟು ಹೊತ್ತು ಇರುತ್ತಿತ್ತು. ಕಾಫಿ ಕುಡಿದು ಲೋಟ ತೊಳೆದಿಟ್ಟು ಬರುತ್ತಿದ್ದೆ.