ಖಾಲಿ ತಟ್ಟೆಯ ಮುಂದೆ ಹತ್ತಿ ಮೇಡಂ

ಕಣ್ಣಿಗೆ ಕಾಣದಷ್ಟು ಸಣ್ಣ ಪ್ಲಾಸ್ಟಿಕ್ ಕಣಗಳು ನೀರಿನಲ್ಲಿ, ಗಾಳಿಯಲ್ಲಿ, ಕೊನೆಗೆ ಮನುಷ್ಯನ ಮೈಯೊಳಗೂ ಸೇರಿಕೊಂಡಿವೆಯೆಂದು ಇಂದು ದಾರಿಹೋಕರೂ ಮಾತಾಡಿಕೊಳ್ಳುತ್ತಾರೆ. ಆದರೆ ಆ ಮಾತು ಇನ್ನೂ ಯಾರ ಬಾಯಲ್ಲೂ ಇಲ್ಲದ ಕಾಲದಲ್ಲಿ, ಆಸ್ಪತ್ರೆಯ ನೆಲಮಾಳಿಗೆಯ ಕೋಣೆಯೊಂದರಲ್ಲಿ ಕುಳಿತು, ಕ್ಯಾನ್ಸರ್ ಗಡ್ಡೆಗಳ ಚೂರುಗಳಲ್ಲಿ ಅವುಗಳನ್ನು ಹುಡುಕಲು ಹೊರಟವರು ಇಂದು ನಿವೃತ್ತರಾಗುತ್ತಿರುವ ನಮ್ಮ ಪ್ರಾಧ್ಯಾಪಕಿ. ವಿದ್ಯಾರ್ಥಿಗಳ ಬಾಯಲ್ಲಿ ಅವರು ‘ಹತ್ತಿ ಮೇಡಂ’.

ಆ ಹೆಸರು ಬಿಟ್ಟಿ ಬಂದದ್ದಲ್ಲ. ಪಾಲಿಯೆಸ್ಟರ್ ಅಂಗಿ ತೊಟ್ಟು ಬಂದವರನ್ನು ಬಾಗಿಲಲ್ಲೇ ತಡೆದು, “ನಿಮ್ಮ ಅಂಗಿ ಉದುರಿಸೋ ಪ್ಲಾಸ್ಟಿಕ್ ಎಳೇನ ರೋಗಿ ತಲೆಗೆ ಕಟ್ಟೋದಾ? ಹೋಗಿ, ಹತ್ತಿ ಬಟ್ಟೆ ಹಾಕ್ಕೊಂಡು ಬನ್ನಿ” ಎಂದು ಗದರುತ್ತಿದ್ದರು, ಬೇರೆ ಬಟ್ಟೆಯಿಲ್ಲವೆಂದು ತಿಳಿದರೆ ತಮ್ಮದೇ ಹತ್ತಿ ಕೋಟನ್ನು ಬಿಚ್ಚಿಕೊಟ್ಟು ತಾವು ಹೊರಗೆ ಕೂರುತ್ತಿದ್ದರು. ಕೆಲಸ ನಡೆಯುವಷ್ಟು ಹೊತ್ತೂ ಮೇಜಿನ ಮೇಲೆ ಒಂದು ಖಾಲಿ ಗಾಜಿನ ತಟ್ಟೆ ತೆರೆದಿರಬೇಕು. ಅದರಲ್ಲಿ ಬಿದ್ದದ್ದು ಕೋಣೆಯ ಧೂಳು. ಅದೇ ಗಡ್ಡೆಯಲ್ಲೂ ಕಂಡರೆ ಅದನ್ನು ರೋಗಿಯದೆನ್ನುವಂತಿಲ್ಲ. ಖಾಲಿ ತಟ್ಟೆ ನೋಡದೆ ಯಾರೂ ಬಾಯಿ ಬಿಡಬಾರದೆಂಬುದು ಅವರ ಕಟ್ಟಪ್ಪಣೆ.

ಆ ಕಟ್ಟಪ್ಪಣೆಯನ್ನು ಅವರೇ ಮುರಿದದ್ದು ತಂಗಿಯ ವಿಷಯದಲ್ಲಿ. ಹಳೆಯ ಪ್ಲಾಸ್ಟಿಕ್ ಬಾಟಲಿಗಳನ್ನು ಪುಡಿಮಾಡುವ ಶೆಡ್ಡಿನಲ್ಲಿ ಹರೆಯವನ್ನೆಲ್ಲ ಕಳೆದ ತಂಗಿಗೆ ಕರುಳಿನ ಕ್ಯಾನ್ಸರ್. ಅವಳ ಮಗಳೂ ಆಗ ಅದೇ ಶೆಡ್ಡಿನ ಯಂತ್ರದ ಮುಂದೆ ಕೆಲಸಕ್ಕೆ ನಿಂತಿದ್ದಳು. “ಆ ಪುಡಿಯಿಂದಲೇ ನನಗಿದು ಬಂತಾ ಹೇಳಿಬಿಡು ಅಕ್ಕ. ಹೌದು ಅಂದ್ರೆ ಇವತ್ತೇ ಮಗಳನ್ನ ಬಿಡಿಸ್ತೀನಿ. ಸುಮ್ಮಸುಮ್ಮನೆ ಬಿಡಿಸೋಕೆ ಬೇರೆ ಕೆಲಸ ಎಲ್ಲಿದೆ?” ಎಂದು ಅವಳು ಅಕ್ಕನ ಕೈ ಹಿಡಿದಳು.

ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಗಡ್ಡೆಯ ಚೂರನ್ನು ಅಕ್ಕನೇ ಪರೀಕ್ಷೆಗೆ ತೆಗೆದುಕೊಂಡರು. ಸ್ವಂತದವರದ್ದನ್ನು ಮುಟ್ಟಬಾರದಿತ್ತು, ಒಡಹುಟ್ಟಿದ ಜೀವ, ಮನಸ್ಸು ಕೇಳಬೇಕಲ್ಲ! ಸೂಕ್ಷ್ಮದರ್ಶಕದಡಿ ನೀಲಿ ಎಳೆಗಳು ಕಂಡದ್ದೇ ತಡ, ವಾರ್ಡಿಗೆ ಓಡಿಹೋಗಿ “ಸಿಕ್ತು ಕಣೆ” ಎಂದುಬಿಟ್ಟರು. ಮೈಯಲ್ಲಿ ಸಿಕ್ಕಿತೆನ್ನುವುದು ಬೇರೆ, ಅದೇ ರೋಗ ತಂದಿತೆನ್ನುವುದು ಬೇರೆಯೆಂದು ಎಲ್ಲರಿಗೂ ಪಾಠ ಹೇಳಿದವರು ಅಂದು ಎರಡನ್ನೂ ಒಂದಾಗಿಸಿದರು. ಮಗಳು ಕೆಲಸ ಬಿಟ್ಟಳು.

ಮರುದಿನ ಖಾಲಿ ತಟ್ಟೆ ನೋಡಿದರೆ ಅಲ್ಲೂ ಅವೇ ನೀಲಿ ಎಳೆಗಳು. ಚಳಿಗೆಂದು ಕೋಟಿನೊಳಗೆ ತೊಟ್ಟಿದ್ದ ನೀಲಿ ಸ್ವೆಟರು ತಂಗಿಯೇ ಹೆಣೆದುಕೊಟ್ಟದ್ದು. ಅಪ್ಪಟ ಉಣ್ಣೆಯೆಂದು ಅಂಗಡಿಯವನು ಅವಳನ್ನು ನಂಬಿಸಿ ಮಾರಿದ್ದ ದಾರ ಪ್ಲಾಸ್ಟಿಕ್ಕಿನದು. ಊರಿಗೆಲ್ಲ ಬಟ್ಟೆಯ ಬುದ್ಧಿ ಹೇಳಿದವರಿಗೆ ತಂಗಿಯ ಕೈಕೆಲಸದ ಮೇಲೆ ಅನುಮಾನವೇ ಬಂದಿರಲಿಲ್ಲ.

“ಸುಮ್ಮನಿದ್ದುಬಿಡಿ ಮೇಡಂ, ಹೇಗೋ ಹುಡುಗಿ ಬಚಾವಾದ್ಲಲ್ಲ” ಎಂದರು ಸಹಾಯಕರು. ಮೇಡಂ ಮತ್ತೆ ವಾರ್ಡಿನ ಮೆಟ್ಟಿಲು ಹತ್ತಿದರು.

“ತಪ್ಪಾಯ್ತು ಕಣೆ. ಅದು ನನ್ನ ಸ್ವೆಟರಿನ ದಾರ.”

“ಹಾಗಾದ್ರೆ ಆ ಪುಡಿಯಿಂದ ಬಂದಿದ್ದಲ್ವಾ?” ಎಂದಳು ತಂಗಿ.

“ಗೊತ್ತಿಲ್ಲ. ಅಲ್ಲ ಅಂತಾನೂ ಹೇಳೋಕಾಗಲ್ಲ. ಮಗಳು ಅಲ್ಲಿಗೆ ಹೋಗೋದು ಬೇಡ.”

“ಗೊತ್ತಿಲ್ಲ ಅನ್ನೋದನ್ನ ನಂಬ್ಕೊಂಡ್ರೆ ಒಲೆ ಉರಿಯಲ್ಲ ಅಕ್ಕ” ಎಂದು ಅವಳು ಗೋಡೆಯ ಕಡೆ ತಿರುಗಿ ಮಲಗಿದಳು.

ತಂಗಿ ಉಳಿಯಲಿಲ್ಲ. ಮಗಳು ತಿರುಗಿ ಶೆಡ್ಡಿಗೇ ಹೋದಳು. ಮುಖಕ್ಕೆ ಕಟ್ಟಿಕೊಳ್ಳಲೆಂದು ಮೇಡಂ ಹತ್ತಿ ಬಟ್ಟೆ ಹೊಲಿದು ಕೊಟ್ಟರೆ, “ಸೆಕೆ ಆಗುತ್ತೆ ದೊಡ್ಡಮ್ಮ” ಎನ್ನುವ ಅವಳು ಅದನ್ನು ಕಟ್ಟಿಕೊಳ್ಳುವುದು ದೊಡ್ಡಮ್ಮ ನೋಡಲು ಬಂದ ದಿನ ಮಾತ್ರ. ಇತ್ತ ಆ ನೀಲಿ ಸ್ವೆಟರನ್ನು ಗಾಜಿನ ಭರಣಿಯಲ್ಲಿಟ್ಟು, ಹೊಸದಾಗಿ ಬಂದ ಪ್ರತಿ ವಿದ್ಯಾರ್ಥಿಗೂ ತೋರಿಸಿ, ತಮ್ಮ ತಪ್ಪನ್ನೇ ಮೊದಲ ಪಾಠವಾಗಿಸಿದವರು ಮೇಡಂ. ಆ ಪಾಠ ಹೇಳುವಾಗ ಅವರ ದನಿ ಒಂದು ದಿನವೂ ಗಟ್ಟಿಯಾಗಿದ್ದಿಲ್ಲ.

ತಂಗಿಯ ಪ್ರಶ್ನೆಗೆ ಇಂದಿಗೂ ಖಚಿತ ಉತ್ತರವಿಲ್ಲ. ಸಂಶಯ ಮುಂದೆ ಮುಂದೆ ಓಡುತ್ತಿದೆ, ಪುರಾವೆ ಹಿಂದೆ ಕುಂಟುತ್ತಿದೆ. ನಿವೃತ್ತಿಯ ನಂತರವೂ ಬರುತ್ತೇನೆಂದು ಮೇಡಂ ಕೋಣೆಯ ಬೀಗದ ಕೈಯನ್ನು ಹಟ ಹಿಡಿದು ತಮ್ಮಲ್ಲೇ ಇಟ್ಟುಕೊಂಡಿದ್ದಾರೆ. ಇಂಥ ಹೊತ್ತಿನಲ್ಲಿ ನೂರು ವರ್ಷ ಬಾಳಿರೆಂದು ಹಾರೈಸುವುದು ವಾಡಿಕೆ. ಅವರಿಗೆ ಅಷ್ಟೆಲ್ಲ ಬೇಡವಂತೆ. ಆ ಹುಡುಗಿಯ ಎದುರು ನಿಂತು ಹೌದೆಂದೋ ಅಲ್ಲವೆಂದೋ ಒಂದು ಮಾತು ಹೇಳುವವರೆಗಾದರೂ ಅವರು ಇರಲಿ. ಅದನ್ನು ಕೇಳಲು ಆ ಹುಡುಗಿಯೂ ಇರಲಿ.