ನಾನೇ ಬೀಳಿಸಿದ ಬಲಗಡೆಯ ಹೂ

ನನ್ನ ನಾದಿನಿ ಶಾರದೆಯ ಗಂಡ ಸತ್ತಿದ್ದು ನನಗೆ ಗೊತ್ತಿತ್ತು. ಗೊತ್ತಿದ್ದೂ ಅವಳಿಗೆ ಹೇಳಲಿಲ್ಲ. ಅಷ್ಟೇ ಆಗಿದ್ದರೆ — ಬಾಯಿ ಮುಚ್ಚಿಕೊಂಡಿದ್ದು ಮಾತ್ರ ಆಗಿದ್ದರೆ — ಇಷ್ಟು ನಡುಗುತ್ತಿರಲಿಲ್ಲವೇನೋ. ಅವನು ಬದುಕಿದ್ದಾನೆಂದು ದೇವರ ಬಾಯಿಂದಲೇ ಹೇಳಿಸಿದೆ. ಆ ಪಾಪವನ್ನು ಬರೆಯಲು ಕುಳಿತಿದ್ದೇನೆ.

ಯಲಹಂಕದ ಹಳೇ ಊರಿನಲ್ಲಿ ನಮ್ಮದು ಹೆಂಚಿನ ಮನೆ. ನಮ್ಮವರು ಬೆಳಗಿನ ರೈಲಿಗೆ ಪೇಟೆಯ ಕಚೇರಿಗೆ ಹೋಗಿ ಸಂಜೆ ಬರುತ್ತಿದ್ದರು. ಬಾವಿಯಲ್ಲಿ ನೀರಿತ್ತು, ಡಬ್ಬಿಯಲ್ಲಿ ಹಿಟ್ಟಿತ್ತು, ಮಕ್ಕಳ ಜ್ವರ ಕಷಾಯಕ್ಕೇ ಇಳಿಯುತ್ತಿತ್ತು — ಇವನ್ನೆಲ್ಲ ದಿನವೂ ದೀಪ ಹಚ್ಚುವಾಗ ದೇವರಿಗೆ ಒಂದೊಂದಾಗಿ ನೆನಪಿಸಿ ಕೈಮುಗಿಯುವುದು ನನ್ನ ರೂಢಿ. ಶಾರದೆ ಮನೆಯಲ್ಲಿದ್ದಾಳೆಂಬುದನ್ನೂ ಹಾಗೇ ನೆನೆಯುತ್ತಿದ್ದೆ. ನಮ್ಮವರ ಒಬ್ಬಳೇ ತಂಗಿ. ಗಂಡ ಶ್ರೀನಿವಾಸ ಬೊಂಬಾಯಿಯ ಗಿರಣಿಯಲ್ಲಿ ಕೆಲಸ ಹಿಡಿದು ಕರೆಸಿಕೊಳ್ಳುತ್ತೇನೆಂದು ಅವಳನ್ನು ನಮ್ಮಲ್ಲಿ ಬಿಟ್ಟು ಹೋಗಿದ್ದ. ಮೊದಮೊದಲು ಕಾಗದ ಬಂತು. ಆಮೇಲೆ ನಿಂತಿತು. ನಮ್ಮವರು ಬರೆದಿದ್ದಕ್ಕೂ ಉತ್ತರವಿಲ್ಲ.

ಗೌರಿ ಹಬ್ಬದ ಹಿಂದಿನ ದಿನ ಬಳೆಗಾರ ಜಗಲಿಯ ಮೇಲೆ ಬಳೆಯ ಮಲಾರ ಬಿಚ್ಚಿ ಕೂತಿದ್ದ. ಶಾರದೆಯ ಕೈ ಹಿಡಿದು ಹಸಿರು ಬಳೆ ಏರಿಸುತ್ತಾ, "ನಿಮ್ಮೆಜಮಾನ್ರು ಬರೋ ಒತ್ಗೆ ಕೈ ತುಂಬಾ ಇರ್ಬೇಕು ಕಣವ್ವ," ಎಂದ.

ಶಾರದೆ ನಕ್ಕಳು. "ಬರೋವಾಗ ಗಡ್ಡ ಬೋಳಿಸ್ಕೊಂಡು ಬರ್ಲಪ್ಪ. ಇಲ್ದಿದ್ರೆ ಭಿಕ್ಷದೋನು ಅಂತ ಅಕ್ಕಿ ಹಾಕಿ ಕಳಿಸಿಬಿಡ್ತೀನಿ."

ನಾನೂ ನಕ್ಕೆ. ಬಳೆಗಾರ ಹೋದ. ಅವಳು ಬಟ್ಟೆ ತೆಗೆದುಕೊಂಡು ಹಿತ್ತಲ ಬಾವಿಗೆ ಹೋದಳು. ಆಗ ಬಾಗಿಲಿಗೆ ಒಬ್ಬ ಮನುಷ್ಯ ಬಂದ. ಯಶವಂತಪುರದವನಂತೆ, ಬೊಂಬಾಯಿಯಲ್ಲಿ ಶ್ರೀನಿವಾಸನ ಜೊತೆ ಒಂದೇ ಕೋಣೆಯಲ್ಲಿದ್ದನಂತೆ. ಒಳಗೆ ಬರಲಿಲ್ಲ, ಚಪ್ಪಲಿಯನ್ನೂ ಬಿಡಲಿಲ್ಲ.

"ಸೀನಪ್ಪನೋರು ಓಗ್ಬಿಟ್ರು ಕಣಮ್ಮ. ಸಿಡುಬು ಎದ್ದಿತ್ತು. ಎಣಾನ ನಾವೇ ಎತ್ತಿದ್ವಿ. ಅವರ ಎಂಗಸ್ರಿಗೆ ನೀವೇ ತಿಳಿಸ್ಬುಡಿ, ನನ್ ಕೈಲಾಗಾಕಿಲ್ಲ."

ಹಿತ್ತಲಿನಿಂದ ರಾಟೆಯ ಸದ್ದು, ಅದರೊಳಗೆ ಹೊಸ ಬಳೆಗಳ ಸದ್ದು. ಅವನನ್ನು ಕಳಿಸಿದೆ. ಅವಳು ಒದ್ದೆ ಕೈ ಒರೆಸಿಕೊಳ್ಳುತ್ತಾ ಬಂದು, "ಯಾರು ಅತ್ತಿಗೆ?" ಎಂದಳು.

"ಯಾರೋ ದಾರಿ ಕೇಳ್ದ," ಎಂದೆ.

ಹಬ್ಬ ಕಳೆಯಲಿ ಎಂದುಕೊಂಡೆ. ಗೌರಿಗೆ ಬಾಗಿನ ಕೊಡುವ ಕೈಯಿಂದ ಹಬ್ಬದ ದಿನವೇ ಬಳೆ ತೆಗೆಸುವುದು ಹೇಗೆ? ಹಬ್ಬ ಕಳೆಯಿತು. ನವರಾತ್ರಿ ಕಳೆಯಲಿ ಎಂದುಕೊಂಡೆ. ಆಮೇಲೆ — ಆಮೇಲೆ ಕಾರಣವೂ ಬೇಕಾಗಲಿಲ್ಲ. ನಮ್ಮವರಿಗೂ ಹೇಳಲಿಲ್ಲ, ಅವರ ಮುಖ ನೋಡಿದರೆ ಅವಳಿಗೆ ತಿಳಿದುಹೋಗುತ್ತದೆಂದು. ಮನುಷ್ಯರು ತಿಳಿಯಬಾರದ ಸಂಗತಿಗಳು ಇವೆಯೆಂದು ನಾನು ನಂಬಿದವಳು. ನಮ್ಮ ಸಾವಿನ ಗಳಿಗೆ, ಹೊಟ್ಟೆಯೊಳಗಿನ ಕೂಸಿನ ಹಣೆಬರಹ — ಭಗವಂತ ಅವನ್ನು ಕರುಣೆಯಿಂದಲೇ ಮರೆಮಾಡಿದ್ದಾನೆ. ಇದನ್ನೂ ಅವುಗಳ ಜೊತೆ ಸೇರಿಸಿ ಸಮಾಧಾನಪಟ್ಟೆ. ಆದರೆ ಇದನ್ನು ಭಗವಂತ ಮರೆಮಾಡಿರಲಿಲ್ಲ. ಅಷ್ಟು ದೂರದಿಂದ ಒಬ್ಬನ ಕೈಲಿ ನಮ್ಮ ಬಾಗಿಲಿಗೇ ಕಳಿಸಿದ್ದ. ಮರೆಮಾಡಿದವಳು ನಾನು.

ಮರುವರ್ಷ ನಮ್ಮವರು ಓಡಾಡಿ, ತುಮಕೂರಿನಲ್ಲಿ ಉಪಾಧ್ಯಾಯಿನಿಯರ ತರಬೇತಿಗೆ ಶಾರದೆಗೆ ಜಾಗ ದೊರಕಿಸಿದರು. ಅಲ್ಲೇ ಇರಲು ಊಟ, ವಸತಿ. ಮುಗಿದ ಮೇಲೆ ಯಾವುದಾದರೂ ಊರಿನ ಶಾಲೆಯಲ್ಲಿ ಕೆಲಸ. ಅವಳಿಗೆ ಆಸೆ ಇತ್ತು. ನನ್ನ ಮಕ್ಕಳಿಗೆ ಕಗ್ಗಂಟು ಲೆಕ್ಕಗಳನ್ನು ಹುಣಸೆಬೀಜ ಹರಡಿ ಹೇಳಿಕೊಡುತ್ತಿದ್ದವಳು ಅವಳೇ. ಆದರೆ ಅಡುಗೆಮನೆಯಲ್ಲಿ ನನ್ನೆದುರು ಕೂತು ಹೇಳಿದಳು:

"ನಾನು ಹೋದ್ಮೇಲೆ ಅವ್ರು ಇಲ್ಲಿಗೆ ಬಂದ್ರೆ? ಗಂಡ ಬರೋ ಮುಂಚೆ ಮನೆ ಬಿಟ್ಟು ಹೋದ್ಲು ಅನ್ಕೊಂಡ್ರೆ? ಹೂ ಕೇಳೋಣ ಅತ್ತಿಗೆ. ಇದ್ದಾರೆ ಅಂದ್ರೆ ಇಲ್ಲೇ ಕಾಯ್ತೀನಿ. ಇಲ್ಲ ಅಂದ್ರೆ — ಅತ್ತು ಮುಗಿಸಿ ತುಮಕೂರಿಗೆ ಹೋಗ್ತೀನಿ."

ಹೂ ಕೇಳುವುದು ನಮ್ಮ ಅತ್ತೆಯವರ ಕಾಲದಿಂದ ಬಂದದ್ದು. ದೇವರಮನೆಯ ವೆಂಕಟರಮಣನ ಎರಡು ಭುಜಗಳಿಗೂ ನೀರಲ್ಲಿ ಅದ್ದಿದ ಕಣಗಿಲೆ ಹೂ ಅಂಟಿಸಿ, ಮನಸ್ಸಿನಲ್ಲಿದ್ದದ್ದನ್ನು ಕೇಳಿ ಕಾಯಬೇಕು. ಬಲಗಡೆಯದು ಮೊದಲು ಬಿದ್ದರೆ ಹೌದು. ಎಡಗಡೆಯದಾದರೆ ಅಲ್ಲ. ಹೂ ಅಂಟಿಸುವುದು ಮನೆಯ ಹಿರಿಯ ಸೊಸೆಯ ಕೆಲಸ — ಅಂದರೆ ನನ್ನದು.

"ಬೇಡ ಶಾರದಾ, ಇಂಥದ್ದನ್ನೆಲ್ಲ ಕೇಳಬಾರದು" ಎಂದೆ. "ಯಾಕೆ ಬಾರದು? ಕೇಳೋದು ದೇವರನ್ನ ತಾನೆ, ಪಕ್ಕದ್ಮನೆಯವ್ರನ್ನಲ್ಲವಲ್ಲ" ಎಂದಳು.

ಶುಕ್ರವಾರ ಬೆಳಿಗ್ಗೆ ಅವಳು ತಲೆಗೆ ಸ್ನಾನ ಮಾಡುತ್ತಿದ್ದಾಗ ನಾನು ಒಬ್ಬಳೇ ದೇವರಮನೆಯಲ್ಲಿದ್ದೆ. ಗಂಧ ತೇಯುತ್ತಿದ್ದೆ. ದೇವರಿಗೆ ಗೊತ್ತು, ಎಡಗಡೆಯದನ್ನೇ ಬೀಳಿಸುತ್ತಾನೆ ಎಂದು ನನಗೆ ಸಂಶಯವೇ ಇರಲಿಲ್ಲ. ನನ್ನ ಭಕ್ತಿ ಅಷ್ಟು ಗಟ್ಟಿ — ಆ ಭಕ್ತಿಯೇ ನನ್ನನ್ನು ಹೆದರಿಸಿದ್ದು. ಎಡಗಡೆಯ ಹೂವಿನ ತೊಟ್ಟಿಗೆ ಮಂದವಾಗಿ ಗಂಧ ಹಚ್ಚಿ ಒತ್ತಿದೆ. ಬಲಗಡೆಯದನ್ನು ಸುಮ್ಮನೆ ತಾಗಿಸಿದೆ.

ಅವಳು ಬಂದು ಕಣ್ಣುಮುಚ್ಚಿ ನಿಂತಳು. ಕೂದಲಿನಿಂದ ನೀರು ತೊಟ್ಟಿಕ್ಕುತ್ತಿತ್ತು. ನಾನು ಗೋಡೆಯ ಪಕ್ಕಕ್ಕೆ ಸರಿದೆ. ಬಲಗಡೆಯ ಹೂ ಜಾರಿ ಪೀಠದ ಮೇಲೆ ಬಿತ್ತು. ಅವಳು ಕಣ್ಣು ತೆರೆದು ನೋಡಿ, ನನ್ನನ್ನು ತಬ್ಬಿಕೊಂಡು ಅತ್ತಳು. ತುಮಕೂರಿಗೆ ಹೋಗಲಿಲ್ಲ.

ಅವಳ ಮುತ್ತೈದೆತನ ಉಳಿಸಿದೆ ಎಂದು ವರ್ಷಗಟ್ಟಲೆ ಹೇಳಿಕೊಂಡೆ. ಕುಂಕುಮಕ್ಕೆ ಕರೆದವರ ಮನೆಗೆಲ್ಲ ಅವಳು ತಲೆಯೆತ್ತಿ ಹೋಗಿಬಂದಳಲ್ಲ ಎಂದು. ಪೂರ್ತಿ ನಿಜ ಬರೆಯಬೇಕು. ಆ ಶುಕ್ರವಾರ ನಾನು ಮೂರನೆಯ ಮಗುವಿನ ಬಸುರಿ. ಅವಳು ಹೋದರೆ ನೀರು ಸೇದುವವರು ಯಾರು, ಬಾಣಂತನ ಮಾಡುವವರು ಯಾರು ಎಂಬ ಯೋಚನೆ ಗಂಧ ತೇಯುವಾಗ ನನ್ನೊಳಗೆ ಇತ್ತು. ಎಷ್ಟಿತ್ತೋ — ಅಳೆಯಲು ಹೋದಾಗಲೆಲ್ಲ ಹೆಚ್ಚೇ ಆಗುತ್ತಾ ಬಂದಿದೆ. ಮಗು ಹುಟ್ಟಿತು. ಅದನ್ನು ಎತ್ತಿ ಆಡಿಸಿದವಳು ಅವಳು. ಆಮೇಲೆ ದೀಪ ಹಚ್ಚುವಾಗ ಶಾರದೆಯ ಹೆಸರು ಬಂದ ಕೂಡಲೇ ನನ್ನ ನಾಲಿಗೆ ತಡವರಿಸುತ್ತಿತ್ತು. ಕದ್ದ ವಸ್ತುವಿಗಾಗಿ ದೇವರಿಗೆ ಕೈಮುಗಿಯುವುದು ಹೇಗೆ?

ಹೋದ ವರ್ಷ ನಮ್ಮವರು ತೀರಿಕೊಂಡರು. ಯಾವುದಕ್ಕೆ ಹೆದರಿ ಅವಳಿಂದ ಸತ್ಯ ಮುಚ್ಚಿಟ್ಟೆನೋ ಅದು ನನಗೇ ಬಂತು. ನೋವು ಇದೆ, ಹಣೆ ಬೋಳಾಗಿದೆ. ಆದರೂ ಬೆಳಗಾದರೆ ಏಳುತ್ತೇನೆ, ಮೊಮ್ಮಗುವಿಗೆ ಅನ್ನ ಕಲಸುತ್ತೇನೆ. ಇಷ್ಟನ್ನು ಅವಳು ತಾಳಲಾರಳೆಂದು ತೀರ್ಮಾನಿಸಲು ನಾನು ಯಾರು?

ಮೊನ್ನೆ ನಮ್ಮವರ ವರ್ಷಾಬ್ದಿಕಕ್ಕೆ ಬಂದ ಪುರೋಹಿತರು ಶಾರದೆಗೆ ಹೇಳಿದರಂತೆ — ಹನ್ನೆರಡು ವರ್ಷ ಸುದ್ದಿ ಇಲ್ಲದವರಿಗೆ ದರ್ಭೆಯಲ್ಲಿ ಆಕಾರ ಮಾಡಿ ಸುಟ್ಟು ಸಂಸ್ಕಾರ ಮಾಡಿಬಿಡಬಹುದು, ನಿಮಗೂ ಒಂದು ಬಿಡುಗಡೆ ಎಂದು. ಎಲ್ಲರೂ ಹೋದ ಮೇಲೆ ಅವಳು ಪಾತ್ರೆ ತೊಳೆಯುತ್ತಾ, ತಿರುಗಿ ನೋಡದೆ ಕೇಳಿದಳು:

"ಬಲಗಡೆ ಹೂ ಬಿತ್ತಲ್ಲ ಅತ್ತಿಗೆ. ಬದುಕಿರೋರನ್ನ ಹೇಗೆ ಸುಡ್ಲಿ? ಬದುಕಿದ್ರೆ ಯಾಕೆ ಬರ್ಲಿಲ್ಲ? ನೀವೇ ಹೇಳಿ, ದೇವರು ಸುಳ್ಳು ಹೇಳ್ತಾನಾ?"

ಆಗ ಗಮನಿಸಿದೆ, ಎಷ್ಟೋ ದಿನಗಳಿಂದ ಅವಳು ದೇವರಮನೆಗೆ ಹೋಗುತ್ತಿಲ್ಲ. ಅವಳಿಂದ ಗಂಡನ ಸಾವನ್ನು ಕಿತ್ತುಕೊಂಡೆ, ಸ್ವಂತ ಬದುಕನ್ನು ಕಿತ್ತುಕೊಂಡೆ, ಈಗ ದೇವರನ್ನೂ —

"ಸುಳ್ಳು ಅವನದಲ್ಲ ಶಾರದಾ. ನನ್ನದು," ಎಂದೆ.

ಎಲ್ಲವನ್ನೂ ಹೇಳಿದೆ. ಬಾಗಿಲಿಗೆ ಬಂದ ಮನುಷ್ಯ, ಸಿಡುಬು, ಗಂಧ, ನನ್ನ ಬಸಿರು. ಅವಳು ಕಿರುಚುತ್ತಾಳೆ, ಶಪಿಸುತ್ತಾಳೆ ಎಂದುಕೊಂಡಿದ್ದೆ. ನಲ್ಲಿ ತಿರುಗಿಸಿ ನೀರು ನಿಲ್ಲಿಸಿದಳು. ಒಂದೇ ಮಾತು ಕೇಳಿದಳು.

"ಯಾವತ್ತು ಹೋದ್ರಂತೆ?"

ನನಗೆ ಗೊತ್ತಿರಲಿಲ್ಲ. ಆ ಮನುಷ್ಯನನ್ನು ನಾನು ಕೇಳಿರಲೇ ಇಲ್ಲ. ಯಾವ ತಿಂಗಳು, ಯಾವ ತಿಥಿ, ಕೊನೆಗಳಿಗೆಯಲ್ಲಿ ಶ್ರೀನಿವಾಸ ಅವಳ ಹೆಸರು ಹಿಡಿದು ಏನಾದರೂ ಅಂದನೇ — ಬಂದವನು ಹೇಳಲು ಬಾಯಿ ತೆರೆದಿದ್ದ. ಅವಳು ಬಾವಿಯಿಂದ ಬಂದುಬಿಟ್ಟಾಳೆಂದು ನಾನು ಬಾಗಿಲು ಹಾಕಿಕೊಂಡೆ. ಅವನ ಹೆಸರನ್ನೂ ಕೇಳಲಿಲ್ಲ.

"ನಾಳೆ ಯಶವಂತಪುರಕ್ಕೆ ಹೋಗಿ ವಿಚಾರಿಸ್ಕೊಂಡು ಬರ್ತೀನಿ," ಎಂದೆ.

"ನೀವೊಬ್ರೇ ಹೋಗ್ಬೇಡಿ," ಎಂದಳು ಶಾರದೆ. ಇಷ್ಟು ವರ್ಷಗಳಲ್ಲಿ ಆ ದನಿಯನ್ನು ನಾನು ಕೇಳಿರಲಿಲ್ಲ. "ನಾನೂ ಬರ್ತೀನಿ. ಇನ್ಮೇಲೆ ನನ್ನ ವಿಷಯ ಏನೇ ಇದ್ರೂ, ನನಗಿಂತ ಮುಂಚೆ ನೀವು ತಿಳ್ಕೋಬೇಡಿ."