ಚಿಗವ್ವನ ಹಾಡಿಗೊಂದು ಒನ್ಸ್ ಮೋರ್

"ನಿಮ್ಮ ಓಣ್ಯಾಗ ಗಟ್ಟಿ ಗಂಟಲಿನವ್ರು ಯಾರರ ಅದಾರೇನು ಬೇ?"

ಹೋದ ವಾರ ಬೆಳಿಗ್ಗೆ, ನಾನು ಒಗ್ಗರಣೆಗೆ ಸಾಸಿವೆ ಹಾಕುವ ಹೊತ್ತಿಗೆ ಸರಿಯಾಗಿ, ಚಿಗವ್ವ ಫೋನ್ ಮಾಡಿ ಕೇಳಿದ ಪ್ರಶ್ನೆ ಇದು. ಹೇಗಿದ್ದೀಯಾ, ಊಟ ಆಯಿತಾ, ಏನೂ ಇಲ್ಲ. ನೇರವಾಗಿ ಗಂಟಲಿಗೇ ಬಂದಳು.

ನಮ್ಮ ಓಣಿಯಲ್ಲಿ ಗಂಟಲು ಗಟ್ಟಿ ಇಲ್ಲದವರು ಯಾರಿದ್ದಾರೆ? ರಾಯಚೂರಿನ ಬಿಸಿಲಿಗೆ ಮೆತ್ತಗೆ ಆಡಿದ ಮಾತು ಎದುರುಮನೆ ಮುಟ್ಟುವ ಮೊದಲೇ ಒಣಗಿಹೋಗುತ್ತದೆ. ನಲ್ಲಿಯ ಮುಂದೆ ಕೊಡ ಹಿಡಿದು ನಿಂತು ಪಳಗಿದ ಧ್ವನಿಗಳು ನಮ್ಮವು. ಆದರೂ ವಿಚಾರಿಸಿದೆ. "ಯಾಕ ಚಿಗವ್ವಾ, ಯಾರ ಕೂಡ ಜಗಳ ತಗದಿ?"

"ಜಗಳಲ್ಲ ಬೇ. ನನಗ ಒಂದು ಒನ್ಸ್ ಮೋರ್ ಬೇಕಾಗ್ಯದ."

ಈ ಅಂಕಣಕ್ಕೆ ಹೊಸಬರಾದವರಿಗೆ ಹೇಳಬೇಕು. ಚಿಗವ್ವ ಎಂದರೆ ನನ್ನ ಅವ್ವನ ತಂಗಿ ಹುಲಿಗೆಮ್ಮ. ಹುಡುಗಿಯಾಗಿದ್ದಾಗಿನಿಂದ ನಾಟಕ ಕಂಪನಿಯಲ್ಲಿ ಹಾಡಿ, ನಟಿಸಿ ಬದುಕಿದವಳು. ಪೋಸ್ಟರಿನಲ್ಲಿ ಮಾತ್ರ ಆಕೆ 'ಗಾನಕೋಗಿಲೆ ಕುಮಾರಿ ಚಂದ್ರಕಲಾ'. ಮದುವೆಯಾಯಿತು, ಕುಮಾರಿ ಉಳಿಯಿತು. ಮಕ್ಕಳಾದವು, ಕುಮಾರಿ ಉಳಿಯಿತು. ಈಗ ಮೊಮ್ಮಗ ಹೈಸ್ಕೂಲಿಗೆ ಹೋಗುತ್ತಾನೆ, ಕುಮಾರಿಗೆ ಏನೂ ಆಗಿಲ್ಲ. (ನಮ್ಮ ಕಡೆ ಇಷ್ಟು ಗಟ್ಟಿಯಾಗಿ ನಿಂತದ್ದು ರಾಯಚೂರಿನ ಕೋಟೆ ಬಿಟ್ಟರೆ ಇದೊಂದೇ.)

ಕಂಪನಿಯ ಗಾಯಕಿಯರ ಪ್ರಮೋಷನ್ನು ಸರ್ಕಾರಿ ಆಫೀಸಿನದಕ್ಕೆ ತದ್ವಿರುದ್ಧ. ಆಫೀಸಿನಲ್ಲಿ ಕೆಳಗೆ ಸೇರಿ ಮೇಲೆ ಹೋಗುತ್ತಾರೆ. ಇಲ್ಲಿ ಬಾಲಕೃಷ್ಣನ ಪಾತ್ರಕ್ಕೆ ಸೇರುತ್ತಾರೆ, ಅಂದರೆ ನೇರ ದೇವರ ಹುದ್ದೆಗೆ. ಆಮೇಲೆ ನಾಯಕಿ. ಆಮೇಲೆ ನಾಯಕಿಯ ಅಕ್ಕ. ಆಮೇಲೆ ಒಂದು ಸಂಜೆ ಮೇಕಪ್ಪಿನವನು ಒಂದು ಮಾತೂ ಕೇಳದೆ ತಲೆಗೆ ಬಿಳಿ ಪೌಡರ್ ಹಚ್ಚುತ್ತಾನೆ. ಅದೇ ಆರ್ಡರ್ ಕಾಪಿ. ಅಂದಿನಿಂದ ತಾಯಿ ಪಾತ್ರ. ತಾಯಿಯ ಮುಂದಿನ ಹುದ್ದೆ ಟಿಕೆಟ್ ಕೌಂಟರ್.

ವಯಸ್ಸನ್ನು ಅಲ್ಲಿ ಯಾರೂ ಬಾಯಿಬಿಟ್ಟು ಕೇಳುವುದಿಲ್ಲ. ಹಾರ್ಮೋನಿಯಂ ಹೇಳಿಬಿಡುತ್ತದೆ. ನಾಯಕಿಯಾಗಿದ್ದಾಗ ಚಿಗವ್ವ ಕರಿ ಐದರಲ್ಲಿ ಹಾಡುತ್ತಿದ್ದಳು. ಅಂದರೆ ಹಾರ್ಮೋನಿಯಂನ ಐದನೇ ಕರಿ ಮನೆಯಿಂದ ಶ್ರುತಿ ಹಿಡಿದು, ಕೊನೆಯ ಸಾಲಿನಲ್ಲಿ ಮಲಗಿದವನೂ ಎದ್ದು ಕೂರುವ ಹಾಗೆ. ಈಗ ಕರಿ ಎರಡಕ್ಕೆ ಬಂದಿದ್ದಾಳೆ. ಇಳಿದಿದ್ದೀಯಲ್ಲ ಎಂದರೆ ಸಿಟ್ಟು ಬರುತ್ತದೆ. "ಇಳದಿಲ್ಲ ಬೇ, ಕೆಳಗಿನ ಮನೀಗೆ ಬಾಡಿಗಿ ಬಂದೀನಿ" ಎನ್ನುತ್ತಾಳೆ.

ಈಗ ವಿಷಯಕ್ಕೆ ಬರುತ್ತೇನೆ. ಅವರ ಕಂಪನಿ ಮಾನ್ವಿಯಲ್ಲಿ ಟೆಂಟ್ ಹಾಕಿತ್ತು. ನಾಟಕದ ಹೆಸರು 'ಸೊಸಿ ಸ್ಕೂಟಿ ಮ್ಯಾಲ, ಅತ್ತಿ ಕಟ್ಟಿ ಮ್ಯಾಲ'. ಅದರಲ್ಲಿ ಬೇಕಾದಷ್ಟು ಹಾಡುಗಳಿವೆ. ಎಲ್ಲವೂ ಪೆನ್‌ಡ್ರೈವ್‌ನಲ್ಲಿವೆ. ಹೊಸ ಹುಡುಗಿಯರು ಬಾಯಿ ಆಡಿಸುತ್ತಾರೆ, ಕುಣಿಯುತ್ತಾರೆ, ಹಾಡುವುದು ಸ್ಪೀಕರ್. ನಿಜವಾಗಿ ಮನುಷ್ಯರು ಹಾಡುವ ಹಾಡು ಇಡೀ ನಾಟಕದಲ್ಲಿ ಒಂದೇ, ಅತ್ತೆಯಾದ ಚಿಗವ್ವನದು. ಅದಕ್ಕೆ ಹಾರ್ಮೋನಿಯಂ ಈರಣ್ಣ ಮಾಸ್ತರದು.

ಆ ಹಾಡಿನ ಮೇಲೆ ಮಾಲೀಕರ ಕಣ್ಣು ಬಿದ್ದಿತ್ತು. ಮಾಲೀಕರು ಕೆಟ್ಟವರಲ್ಲ, ವ್ಯವಹಾರದವರು. "ಹುಲಿಗೆವ್ವಾ, ನೀನು ಹಾಡು ತಗದಿ ಅಂದ್ರ ಜನ ಎದ್ದು ಮಿರ್ಚಿ ತಿನ್ನಾಕ ಹೊಂಡತಾರ. ಒಳಗ ಖುರ್ಚಿ ಖಾಲಿ, ಹೊರಗ ಮಿರ್ಚಿ ಖಾಲಿ" ಎಂದರಂತೆ. ಮುಂದಿನ ಕ್ಯಾಂಪ್ ದೇವದುರ್ಗ. ಮಾನ್ವಿಯಲ್ಲಿ ಭಾನುವಾರ ಕೊನೆಯ ದಿನ. ಅವತ್ತು ಸಂಜೆಯ ಆಟದಲ್ಲಿ ಹಾಡಿಗೆ ಒನ್ಸ್ ಮೋರ್ ಬಂದರೆ ಹಾಡು ದೇವದುರ್ಗಕ್ಕೆ ಬರುತ್ತದೆ. ಬರದಿದ್ದರೆ ಚಿಗವ್ವ ಬರುತ್ತಾಳೆ, ಹಾಡು ಬರುವುದಿಲ್ಲ.

ಹಾಡಿಲ್ಲದ ತಾಯಿ ಪಾತ್ರಕ್ಕೆ ಉಳಿಯುವುದೇನು? ಕೆಮ್ಮು.

"ಕೆಮ್ಮಾಕ ನಾನೇ ಯಾಕ ಬೇಕು ಬೇ? ಯಾರರ ಕೆಮ್ಮತಾರ" ಎಂದಳು ಚಿಗವ್ವ. ಯಾವಾಗಲೂ ತಮಾಷೆ ಮಾಡುವ ಧ್ವನಿ ಆ ಹೊತ್ತು ನಡುಗಿತು. ನಾನು ಒಲೆ ಆರಿಸಿದೆ.

"ಅಂದ್ರ ಸುಳ್ಳು ಒನ್ಸ್ ಮೋರ್ ಕೂಗಿಸಬೇಕೇನು?" ಎಂದೆ.

"ಸುಳ್ಳಲ್ಲ. ಮೊದಲನೇದು ಒಬ್ರು ಕೂಗಬೇಕು, ಆಮ್ಯಾಲ ಜನ ತಾವೇ ಕೂಗತಾರ. ಈಗ ಆ ಮೊದಲನೇದು ಕೂಗೋರೇ ಇಲ್ಲ. ಎಲ್ಲಾರ ಕೈಯಾಗೂ ಮೊಬೈಲ್ ಅದ. ವಿಡಿಯೋ ಮಾಡಾಕತ್ತೋರು ಬಾಯಿ ಎಲ್ಲಿ ಬಿಡತಾರ?"

ಇದು ಮಾತ್ರ ನೂರಕ್ಕೆ ನೂರು ನಿಜ.

ಒನ್ಸ್ ಮೋರ್ ಎಂದರೆ ನಮ್ಮ ಕಡೆ ಬರೀ ಮೆಚ್ಚುಗೆಯಲ್ಲ, ಹುಕುಂ. ಜನ ಕೂಗಿದರೆ ಕಲಾವಿದರು ಮತ್ತೆ ಮಾಡಲೇಬೇಕು. ಮಾಡದಿದ್ದರೆ ಕೂತವರಿಗೆ ಅವಮಾನ ಮಾಡಿದಂತೆ. ಕತೆ ಎಲ್ಲಿಗೆ ಮುಟ್ಟಿದೆ ಎನ್ನುವುದು ಮುಖ್ಯವಲ್ಲ. ಅಳುತ್ತಾ ಗಂಡನ ಮನೆಗೆ ಹೋದ ಮಗಳು ತಿರುಗಿ ಬಂದು, ಅಪ್ಪನನ್ನು ಮತ್ತೊಮ್ಮೆ ತಬ್ಬಿಕೊಂಡು, ಮತ್ತೊಮ್ಮೆ ಅಳುತ್ತಾ ಹೋಗಿದ್ದನ್ನು ನಾನೇ ನೋಡಿದ್ದೇನೆ. ಗಂಡನ ಪಾತ್ರದವನು ಎರಡೂ ಸಲ ಸೂಟ್‌ಕೇಸ್ ಎತ್ತಿದ.

ನಮ್ಮ ಪಕ್ಕದ ಮನೆಯ ಮಹಿಬೂಬ್‌ನನ್ನು ಕೇಳಿದೆ. ಈತ ಗಂಜಿನಲ್ಲಿ, ಅಂದರೆ ಮಾರುಕಟ್ಟೆಯಲ್ಲಿ, ಹತ್ತಿ ಹರಾಜಿನ ಸವಾಲು ಕೂಗುತ್ತಿದ್ದವನು. ಇವನು ಕೂಗಿದರೆ ಎತ್ತುಗಳು ತಿರುಗಿ ನೋಡುತ್ತಿದ್ದವಂತೆ. ಈಗ ಸವಾಲು ಕಂಪ್ಯೂಟರಿನಲ್ಲಿ ನಡೆಯುತ್ತದೆ. ಮಹಿಬೂಬ್ ಅದೇ ಗಂಜಿನ ಒಂದು ಅಂಗಡಿಯಲ್ಲಿ ತಕ್ಕಡಿಯ ಪಕ್ಕ ಸುಮ್ಮನೆ ಕೂರುತ್ತಾನೆ. ವಿಷಯ ಕೇಳಿ ಅವನ ಮುಖ ಅರಳಿತು.

"ಫಿಕರ್ ಮಾಡಬ್ಯಾಡ್ರಿ ಅಕ್ಕಾರ. ಬಾಳ ದಿನ ಆತು, ನನ್ನ ಗಂಟಲಿಗೂ ಕೆಲಸ ಬೇಕಾಗಿತ್ತು."

ಭಾನುವಾರ ಮಧ್ಯಾಹ್ನ ನಾನು, ಮಹಿಬೂಬ್, ಅವನ ಹೆಂಡತಿ ಶಂಶಾದ್ ಮಾನ್ವಿ ಬಸ್ಸು ಹತ್ತಿದೆವು. ಮಹಿಬೂಬ್ ಆಗಲೇ ದೊಡ್ಡ ಗವಾಯಿಯ ಗತ್ತಿಗೆ ಬಂದುಬಿಟ್ಟಿದ್ದ. ಕೊರಳಿಗೆ ಮಫ್ಲರ್. (ಆ ಸೆಕೆಯಲ್ಲಿ.) ಬಾಯಲ್ಲಿ ಲವಂಗ. ಕಲ್ಲೂರಿನಲ್ಲಿ ಬಸ್ಸು ನಿಂತಾಗ ತಣ್ಣನೆಯ ಸೋಡಾ ಕಂಡು ಎದ್ದವನನ್ನು ಶಂಶಾದ್ ಮಫ್ಲರ್ ಹಿಡಿದು ಕೂರಿಸಿದಳು. ಕಲ್ಲೂರು ದಾಟಿದ ಮೇಲೆ ಪ್ರಾಕ್ಟೀಸ್ ಇರಲಿ ಎಂದು ಒಮ್ಮೆ ಮೆಲ್ಲಗೆ "ಒನ್ಸ್ ಮೋರ್" ಎಂದ. ಡ್ರೈವರ್ ಬ್ರೇಕ್ ಹಾಕಿದ. ಯಾರೋ ಇಳಿಯುವವರಿದ್ದಾರೆ ಎಂದುಕೊಂಡನಂತೆ.

ನನಗೆ ಧೈರ್ಯ ಬಂತು. ಈ ಗಂಟಲಿಗೆ ಮಾಲೀಕರಷ್ಟೇ ಅಲ್ಲ, ಮಿರ್ಚಿಯವನೂ ಓಡಿ ಬರುತ್ತಾನೆ ಎನಿಸಿತು.

ಟೆಂಟ್ ಮುಕ್ಕಾಲು ತುಂಬಿತ್ತು. ಹಿಂದೆ ಪೋತ್ನಾಳದಿಂದ ಟಂಟಂ ಆಟೋ ಮಾಡಿಕೊಂಡು ಬಂದವರ ಗದ್ದಲ. ಮುಂದೆ ಮಾನ್ವಿಯ ಹೆಂಗಸರು, ಮುದುಕಿಯರು. ನಾವು ನಡುವೆ ಕೂತೆವು. ಮಾಲೀಕರು ಪರದೆಯ ಪಕ್ಕ ಕೈಕಟ್ಟಿ ನಿಂತಿದ್ದರು. ಈರಣ್ಣ ಮಾಸ್ತರು ಕಾಲಿನಿಂದ ಒತ್ತಿ ನುಡಿಸುವ ತಮ್ಮ ಹಳೆಯ ಹಾರ್ಮೋನಿಯಂ ಮುಂದೆ ಕೂತಿದ್ದರು. ಪೆನ್‌ಡ್ರೈವಿನ ಹಾಡುಗಳು ಬರುತ್ತಿರುವಷ್ಟು ಹೊತ್ತೂ ಅವರಿಗೆ ಏನೂ ಕೆಲಸವಿರಲಿಲ್ಲ, ಮೀಸೆ ತೀಡುತ್ತಿದ್ದರು.

ಸೊಸೆ ಸ್ಕೂಟಿಯ ಮೇಲೆ ಬಂದಳು, ಶಿಳ್ಳೆ. ಮಗ ಹೆಂಡತಿಯ ಕಾಲೊತ್ತಿದ, ಶಿಳ್ಳೆ. ಆಮೇಲೆ ಬಿಳಿ ಪೌಡರ್ ತಲೆಯ ಅತ್ತೆ ಹೊಸ್ತಿಲ ಮೇಲೆ ಬಂದು ಕೂತಳು. ಹಿಂದಿನ ಸಾಲಿನವರು ಆಗಲೇ ಎದ್ದು ಪ್ಯಾಂಟ್ ಜಾಡಿಸತೊಡಗಿದ್ದರು.

'ಹೊತ್ತು ಹೆತ್ತ ಒಡಲಿಗೆ, ಹೊಸ್ತಿಲಷ್ಟೇ ಜಾಗವೇ?'

ನಾನು ಈ ಹಾಡು ಎಷ್ಟು ಸಲ ಕೇಳಿಲ್ಲ? ಚಿಗವ್ವ ನಮ್ಮ ಮನೆಗೆ ಬಂದಾಗ ರೊಟ್ಟಿ ಬಡಿಯುತ್ತಾ ಹಾಡುವ ಹಾಡು ಇದು. ಆದರೆ ಅವತ್ತು ಬೇರೆಯೇ ಇತ್ತು. ನಾಟಕದ ಅತ್ತೆ ಮನೆಯಲ್ಲಿ ಜಾಗ ಕೇಳುತ್ತಿದ್ದಳು, ಚಿಗವ್ವ ಕಂಪನಿಯಲ್ಲಿ ಜಾಗ ಕೇಳುತ್ತಿದ್ದಳು. ಕರಿ ಎರಡರ ಆ ತುಸು ಒಡಕು ಧ್ವನಿ ಎದೆಯೊಳಗೆ ಕೈ ಹಾಕಿತು. ಎದ್ದವರು ನಿಂತಲ್ಲೇ ನಿಂತರು. ನಾನು ಸೆರಗಿನಿಂದ ಮೂಗು ಒರೆಸಿಕೊಂಡೆ.

ಹಾಡು ಮುಗಿಯಿತು. ಇಡೀ ಟೆಂಟ್ ಗಪ್‌ಚುಪ್.

ಇದೇ ಹೊತ್ತು. ಈಗ ಕೂಗಬೇಕು. ನಾನು ಮಹಿಬೂಬ್‌ನತ್ತ ತಿರುಗಿದೆ.

ಮಹಿಬೂಬ್ ಅಳುತ್ತಿದ್ದ. ಸಣ್ಣಗೆ ಅಲ್ಲ, ಮಫ್ಲರಿನೊಳಗೆ ಮುಖ ಇಟ್ಟು ಭುಜ ಕುಣಿಸಿ ಅಳುತ್ತಿದ್ದ. "ಚಿಲ್ಲಾವ್ ಜೀ, ಚಿಲ್ಲಾವ್" ಎಂದು ಶಂಶಾದ್ ಕೂಗಲು ಹೇಳಿ ಮೊಣಕೈಯಿಂದ ತಿವಿದಳು. ಅವನು ಬಾಯಿ ತೆರೆದ. ಗಾಳಿ ಬಂತು. ಎತ್ತು ತಿರುಗಿ ನೋಡುವಂಥ ಗಂಟಲಿನಿಂದ ಸೊಳ್ಳೆಯಷ್ಟೂ ಸದ್ದು ಬರಲಿಲ್ಲ.

ನೀನೇ ಕೂಗಬಹುದಿತ್ತಲ್ಲ ಎನ್ನುತ್ತೀರಾ? ಕೂಗಬಹುದಿತ್ತು. ನನ್ನ ಗಂಟಲೂ ಕಟ್ಟಿತ್ತು. ಇದೊಂದು ವಿಚಿತ್ರ ನೋಡಿ. ಹಾಡು ಸುಮಾರಾಗಿದ್ದರೆ ಕೂಗುತ್ತಿದ್ದೆವು. ಬಹಳ ಚೆನ್ನಾಗಿತ್ತು, ಅದಕ್ಕೇ ಯಾರ ಬಾಯಿಂದಲೂ ಮಾತು ಹೊರಡಲಿಲ್ಲ.

ಆದರೆ ಮಾಲೀಕರಿಗೆ ಕೇಳಿಸಿದ್ದು ಬರೀ ಮೌನ. ಅವರು ತಲೆ ಆಡಿಸಿ ಒಳಗೆ ತಿರುಗಿದರು. ಈರಣ್ಣ ಮಾಸ್ತರು ಹಾರ್ಮೋನಿಯಂ ಮೇಲೆ ಬಟ್ಟೆ ಹೊದಿಸಿದರು. ಹೊಸ್ತಿಲ ಮೇಲೆ ಕೂತ ಚಿಗವ್ವ ಅದನ್ನು ನೋಡಿದಳು. ಅವಳ ಆ ಮುಖ ಅಭಿನಯವಾಗಿರಲಿಲ್ಲ. ನನಗೆ ನನ್ನ ಮೇಲೇ ಸಿಟ್ಟು ಬಂತು.

ನಾಟಕ ಮುಂದೆ ನಡೆಯಿತು. ಸೊಸೆ ಬಿರಬಿರ ಬಂದು ಅತ್ತೆಯ ಕೈ ಹಿಡಿದು, "ನಡೀ ಹೊರಗ" ಎಂದು ದಬ್ಬಿದಳು. ಅತ್ತೆ ಬಾಗಿಲಾಚೆ ಬಿದ್ದಳು. ಹಿಂದೆಯೇ ಎಸೆದ ಅವಳ ಬಟ್ಟೆಯ ಗಂಟು ಅತ್ತ ಉರುಳಿತು.

ಸರಿಯಾಗಿ ಆಗ ಮಹಿಬೂಬ್‌ನ ಗಂಟಲು ತೆರೆಯಿತು.

"ಒನ್ಸ್ ಮೋರ್!"

ಟೆಂಟಿನ ತಗಡು ಗಡಗಡ ಎಂದಿತು. ಮುಂದಿನ ಸಾಲಿನ ಮುದುಕಿಯೊಬ್ಬಳು ಬೆಚ್ಚಿಬಿದ್ದು ತಿರುಗಿದಳು. "ಮೂಳಾ, ನಿನಗ ಅವ್ವ ಇಲ್ಲೇನಲೇ? ಎರಡು ಸಲ ಹೊರಗ ಹಾಕಬೇಕೇನು ಆಕೀನ?"

ಮಹಿಬೂಬ್ ಕೈ ಮುಗಿದ. "ಹಾಡಿಗಿ ಕೂಗಿದೆ ಯವ್ವಾ, ಲೇಟ್ ಆತು" ಎಂದ. ಯಾರಿಗೆ ಕೇಳಬೇಕು? ಪೋತ್ನಾಳದ ಗುಂಪಿಗೆ ಅಷ್ಟೇ ಸಾಕಾಗಿತ್ತು. ಮೊದಲನೆಯದು ಕೂಗುವವರು ಸಿಕ್ಕಿದ್ದರಲ್ಲ. ಒನ್ಸ್ ಮೋರ್, ಒನ್ಸ್ ಮೋರ್ ಎಂದು ಖುರ್ಚಿ ಬಡಿಯತೊಡಗಿದರು.

ಸೊಸೆಯ ಪಾತ್ರದ ಹುಡುಗಿ ಕಕ್ಕಾಬಿಕ್ಕಿಯಾಗಿ, ಗದ್ದಲ ಕೇಳಿ ಮತ್ತೆ ಪರದೆಯ ಪಕ್ಕ ಬಂದಿದ್ದ ಮಾಲೀಕರತ್ತ ನೋಡಿದಳು. ಮಾಲೀಕರು ಏನು ಮಾಡಬೇಕು? ಜನದ ಹುಕುಂ. ಮಾಡು ಎಂದು ಕೈ ಸನ್ನೆ ಮಾಡಿದರು. ಹುಡುಗಿ ಹೋಗಿ ಅತ್ತೆಯನ್ನು ಎಬ್ಬಿಸಿ, ಮೈಮೇಲಿನ ಧೂಳು ಜಾಡಿಸಿ, ಗಂಟು ಕೈಗೆ ಕೊಟ್ಟು, ಬಹಳ ಮರ್ಯಾದೆಯಿಂದ ಮನೆಯೊಳಗೆ ಕರೆದುಕೊಂಡು ಬಂದಳು. ಆಮೇಲೆ, "ನಡೀ ಹೊರಗ" ಎಂದು ಮತ್ತೆ ದಬ್ಬಿದಳು.

ಈ ಸಲ ಯಾರೂ ಖುರ್ಚಿ ಬಡಿಯಲಿಲ್ಲ. "ಬ್ಯಾಡ ಬಿಡವ್ವಾ" ಎಂದು ಹೆಂಗಸರ ಕಡೆಯಿಂದ ಒಂದು ದನಿ ಬಂತು. "ಸಾಕು ಬಿಡು" ಎಂದು ಇನ್ನೊಂದು.

ಬಿದ್ದ ಚಿಗವ್ವ ಎದ್ದು ಪಕ್ಕದ ಪರದೆಯೊಳಗೆ ಹೋಗಬೇಕಿತ್ತು. ನಾಟಕದಲ್ಲಿ ಇರುವುದು ಹಾಗೆಯೇ. ಚಿಗವ್ವ ಹೋಗಲಿಲ್ಲ. ಬಿದ್ದಲ್ಲೇ ಕೂತಳು. ಗಂಟನ್ನು ತೊಡೆಯ ಮೇಲೆ ಎಳೆದುಕೊಂಡಳು. ಈರಣ್ಣ ಮಾಸ್ತರತ್ತ ಒಂದೇ ಒಂದು ಸಲ ನೋಡಿದಳು. ಮಾಸ್ತರು ಬಟ್ಟೆ ತೆಗೆದು ಆಗಲೇ ಕಾಲು ಒತ್ತುತ್ತಿದ್ದರು.

'ಹೊತ್ತು ಹೆತ್ತ ಒಡಲಿಗೆ...'

ಇಷ್ಟು ವರ್ಷ ಕಂಪನಿಯ ಅನ್ನ ತಿಂದವಳಿಗೆ ಸಿಕ್ಕ ಒನ್ಸ್ ಮೋರನ್ನು ಎಲ್ಲಿ ಖರ್ಚು ಮಾಡಬೇಕು ಎಂದು ಯಾರಾದರೂ ಹೇಳಿಕೊಡಬೇಕೆ? ದಬ್ಬಿಸಿಕೊಳ್ಳುವ ಮೊದಲು ಹಾಡಿದಾಗ ಅದು ಹಾಡಾಗಿತ್ತು. ದಬ್ಬಿಸಿಕೊಂಡ ಮೇಲೆ ಹಾಡಿದಾಗ ಅದು ಜಗಳವಾಗಿತ್ತು. ಮೇಲಿನ ಷಡ್ಜಕ್ಕೆ ಏರುವಾಗ ಧ್ವನಿ ಒಡೆಯಿತು. ಆಕೆ ಮುಚ್ಚಿಡಲಿಲ್ಲ, ಒಡೆದ ಧ್ವನಿಯಲ್ಲೇ ಏರಿದಳು. ಮುಗಿದಾಗ ಚಪ್ಪಾಳೆ ನಿಲ್ಲಲಿಲ್ಲ. ಬೈದ ಮುದುಕಿ ಮಹಿಬೂಬ್‌ನ ತಲೆ ಮುಟ್ಟಿ ನೆಟಿಗೆ ಮುರಿದಳು. ಹೊರಗಿನ ಮಿರ್ಚಿಯವನು ಎಣ್ಣೆಯಿಂದ ಮಿರ್ಚಿ ಎತ್ತುವ ಜಾರ ಹಿಡಿದುಕೊಂಡೇ ಬಾಗಿಲಿಗೆ ಬಂದು ನಿಂತಿದ್ದ. ಗಿರಾಕಿಗಳೆಲ್ಲ ಎಲ್ಲಿ ಹೋದರು ಎಂದು ನೋಡಲು ಬಂದನಂತೆ.

ಆಟ ಮುಗಿದ ಮೇಲೆ ಮೇಕಪ್ ಕೋಣೆಗೆ ಹೋದೆವು. ಚಿಗವ್ವ ತಲೆಯ ಪೌಡರ್ ಜಾಡಿಸುತ್ತಿದ್ದಳು. ಮಹಿಬೂಬ್ ತಪ್ಪು ಮಾಡಿದವನಂತೆ ಹಿಂದೆ ನಿಂತ. ಮಾಲೀಕರು ಬಂದರು. ಹಾಡಿನ ಮಾತು ಎತ್ತುತ್ತಾರೋ ಇಲ್ಲವೋ ಎಂದು ನಾವೆಲ್ಲ ಅವರ ಬಾಯಿಯನ್ನೇ ನೋಡುತ್ತಿದ್ದೆವು.

"ಹುಲಿಗೆವ್ವಾ, ಹಾಡು ದೇವದುರ್ಗಕ್ಕ ಬರ್ತದ" ಎಂದರು.

ಚಿಗವ್ವ ಕಣ್ಣು ಮುಚ್ಚಿ ಉಸಿರು ಬಿಟ್ಟಳು. ಮಾಲೀಕರ ಮಾತು ಮುಗಿದಿರಲಿಲ್ಲ.

"ಆದ್ರ ಇವತ್ತು ಮಾಡಿದಂಗೇ ಮಾಡಬೇಕು ನೋಡು. ಒಂದು ಸಲ ಹೊರಗ ಹಾಕಿದ್ರ ಜನ ಮನಿ ಜಗಳ ಅಂತಾರ, ಸುಮ್ನ ಕುಂದರತಾರ. ಎರಡನೇ ಸಲ ಹಾಕಿದಾಗ ಸಿಟ್ಟು ಬರ್ತದ. ಅಲ್ಲಿ ಹಾಡು ತಗೀಬೇಕು. ಹೌದಿಲ್ಲೋ?"

ಯೋಚಿಸಿ ನೋಡಿದೆ. ಹೌದಲ್ಲ? ನಮ್ಮ ಓಣಿಯಲ್ಲಿ, ಆಫೀಸಿನಲ್ಲಿ, ಮನೆಯಲ್ಲಿ ಒಬ್ಬರಿಗೆ ಒಮ್ಮೆ ಅನ್ಯಾಯವಾದರೆ ನಾವು ಮಿರ್ಚಿ ತಿನ್ನಲು ಏಳುವವರೇ. ಮಹಿಬೂಬ್‌ನ ಸವಾಲು ಕಂಪ್ಯೂಟರಿಗೆ ಹೋದಾಗ ನಮ್ಮಲ್ಲಿ ಯಾರಾದರೂ ತಿರುಗಿ ನೋಡಿದೆವಾ?

"ಬಿದ್ದು ಬಿದ್ದು ಮೊಣಕಾಲು ಹೋದಾವು ಚಿಗವ್ವಾ" ಎಂದೆ.

"ಮೊಣಕಾಲಿಗಿ ಎಣ್ಣಿ ಹಚ್ಚಿದ್ರಾತು ಬೇ. ಹಾಡಿಗಿ ಏನು ಹಚ್ಚಲಿ?" ಎಂದಳು. ಅಷ್ಟೇ ಹೇಳಿ ಕನ್ನಡಿಯತ್ತ ತಿರುಗಿ ಮುಖದ ಬಣ್ಣ ಒರೆಸತೊಡಗಿದಳು.

ಈಗ ಕಂಪನಿ ದೇವದುರ್ಗದಲ್ಲಿದೆ. ಚಿಗವ್ವನನ್ನು ಪ್ರತಿ ಆಟದಲ್ಲೂ ಎರಡು ಸಲ ಮನೆಯಿಂದ ಹೊರಗೆ ಹಾಕುತ್ತಾರೆ. ಆಕೆಯ ನೌಕರಿ ಇಷ್ಟು ಭದ್ರವಾಗಿದ್ದು ಇದೇ ಮೊದಲು.